ಮುಷ್ಟಿಗೆ ಬಾರದ ಎರಡು ಬೆರಳು

ನನ್ನ ಬಲಗೈಯ ಉಂಗುರ ಬೆರಳನ್ನೂ ಕಿರುಬೆರಳನ್ನೂ ಕಂಡರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಬೇರೆ ಎಲ್ಲ ಬೆರಳುಗಳು ಹೇಳಿದ ಕೆಲಸ ಮಾಡಿಕೊಂಡು ಮರ್ಯಾದೆಯಿಂದ ಇದ್ದಾಗ, ಇವೆರಡು ಮಾತ್ರ ಒಂದು ಇಡೀ ಮಳೆಗಾಲ ನನ್ನನ್ನು ಕುಣಿಸಿದವು. ಕುಣಿಸಿದವು ಎಂದರೂ ತಪ್ಪೇ. ಅವು ಅಲುಗಾಡಲೇ ಇಲ್ಲ ಎಂಬುದೇ ತಾಪತ್ರಯವಾಗಿತ್ತು.

ಐವತ್ತರ ದಶಕದ ಕೊನೆಯ ಮಾತು. ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಮದುವೆಯಾಗಿ ಬಂದಿದ್ದೆ. ಗಂಡ ಬಿ.ಸಿ. ರೋಡಿನ ಒಂದು ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ಅವರು, ಅತ್ತೆ, ನಾನು, ಮೂರೇ ಜನ. ಹೊಸ ಸೊಸೆಗೆ ತಾನು ಎಲ್ಲ ಬಲ್ಲವಳು ಎಂದು ತೋರಿಸುವ ಹುಚ್ಚು ಇರುತ್ತದಲ್ಲ, ನನಗೂ ಇತ್ತು. ಹಲಸಿನ ಕಾಯಿ ತಂದಿಟ್ಟಿದ್ದರು. "ನಾನು ಕೊಚ್ಚುತ್ತೇನೆ" ಎಂದು ಅಂಗೈಗೆ ತೆಂಗಿನೆಣ್ಣೆ ಬಳಿದುಕೊಂಡು ಮೆಟ್ಟುಕತ್ತಿಯ ಮುಂದೆ ಕುಳಿತೆ. ಹಲಸಿನ ಹಾಲು, ಮಯಣ, ಅಂಟಬಾರದೆಂದು ಬಳಿದ ಎಣ್ಣೆಯೇ ನನಗೆ ಶತ್ರುವಾಯಿತು. ಕಾಯಿ ಜಾರಿತು, ಅದರ ಹಿಂದೆಯೇ ಕೈ ಜಾರಿತು, ಎದ್ದು ನಿಂತಿದ್ದ ಅಲಗು ಕಿರುಬೆರಳಿನ ಬುಡದಲ್ಲಿ ಅಂಗೈಯನ್ನು ಅಡ್ಡಕ್ಕೆ ಸೀಳಿತು. ರಕ್ತ ನಿಂತ ಮೇಲೆ ನೋಡಿದರೆ ಮೂರು ಬೆರಳುಗಳು ಮಡಚುತ್ತಿದ್ದವು, ಎರಡು ನೆಟ್ಟಗೆ ನಿಂತಿದ್ದವು. ಎಷ್ಟು ಮಡಚಲು ಹೋದರೂ ಅವು ನನ್ನವೇ ಅಲ್ಲ ಎಂಬಂತೆ ಸುಮ್ಮನಿದ್ದವು.

ಮಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದು ಇಷ್ಟು. ಬೆರಳನ್ನು ಒಳಗಿನಿಂದ ಎಳೆಯುವ ಹುರಿಗಳು ಇರುತ್ತವೆ, ಎರಡು ಬೆರಳುಗಳ ಹುರಿ ತುಂಡಾಗಿದೆ, ತುದಿಗಳನ್ನು ಹುಡುಕಿ ಹೊಲಿಯಬೇಕು. ಹೊಲಿದರು. ಮೊಣಕೈವರೆಗೆ ಪ್ಲಾಸ್ಟರು ಹಾಕಿದರು. ಅಲ್ಲಿಯವರೆಗೆ ನನಗೆ ನೋವಿತ್ತೇ ಹೊರತು ಭಯ ಇರಲಿಲ್ಲ. ಭಯವನ್ನು ನನಗೆ ದಾನ ಮಾಡಿದವಳು ಪಕ್ಕದ ಹಾಸಿಗೆಯ ಹೆಂಗಸು. ಅವಳ ಊರಿನಲ್ಲಿ ಯಾರಿಗೋ ಹೀಗೆಯೇ ಹೊಲಿದಿದ್ದರಂತೆ. ಮನೆಗೆ ಬಂದವನು ಕಾಫಿ ಲೋಟ ಎತ್ತಿದ್ದೇ ತಡ, ಒಳಗೆ ಟಪ್ ಎಂದಿತಂತೆ.

"ಹೊರಗೆ ಕೂತವರಿಗೆ ಸಹ ಕೇಳಿತಂತೆ ಮಾರಾಯ್ತಿ" ಎಂದು ಅವಳು ಕಣ್ಣರಳಿಸಿ ಹೇಳಿದಳು. "ಮತ್ತೆ ಆ ಬೆರಳು ಹೋಯ್ತು. ಒಮ್ಮೆ ಕಡಿದ್ರೆ ಪುನಃ ಹೊಲೀಲಿಕ್ಕೆ ಅಲ್ಲಿ ಎಂತ ಉಂಟು?"

ಕಾಯಿಲೆಯವರ ಹತ್ತಿರ ಕುಳಿತು ಇಂಥ ಕತೆ ಹೇಳುವವರನ್ನು ಏನು ಮಾಡಬೇಕೋ ನನಗೆ ಈಗಲೂ ಗೊತ್ತಿಲ್ಲ. ಆ 'ಟಪ್' ನನ್ನ ಕಿವಿಯಲ್ಲಿ ಮನೆ ಮಾಡಿತು. ಪ್ಲಾಸ್ಟರು ಬಿಚ್ಚಿದ ದಿನ ಡಾಕ್ಟರು ನನ್ನ ಬೆರಳನ್ನು ಮುಟ್ಟಲು ಬಂದಾಗ ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಅವರು ಗಡಿಬಿಡಿಯ ಮನುಷ್ಯ. ಎರಡೇ ಮಾತು ಹೇಳಿದರು.

"ಇನ್ನು ಬೆರಳುಗಳನ್ನು ಮಡಚಿ ಬಿಡಿಸಿ ಮಾಡ್ತಾ ಇರಬೇಕು, ತಾನಾಗಿ ಬಾರದಿದ್ದರೆ ಎಡಗೈಯ ಸಹಾಯ ತೆಗೆದುಕೊಳ್ಳಿ. ಆದರೆ ಸದ್ಯಕ್ಕೆ ಈ ಕೈಯಲ್ಲಿ ಯಾವ ಭಾರದ ಕೆಲಸವನ್ನೂ ಮಾಡಬೇಡಿ."

ಎರಡೂ ಮಾತು ಸರಿಯೇ. ಆದರೆ ನಮ್ಮ ಮನೆಗಳಲ್ಲಿ ಆ ಎರಡು ಮಾತುಗಳು ಒಂದೇ ಸೂರಿನಡಿ ಬಾಳಲಾರವು ಎಂದು ಆ ಮಹಾನುಭಾವರಿಗೆ ಯಾರು ಹೇಳಬೇಕಿತ್ತು? ನಮ್ಮಲ್ಲಿ ಕೈ ಎಂದರೆ ಒಂದೋ ಕೆಲಸ ಮಾಡಬೇಕು, ಇಲ್ಲವಾದರೆ ಮಡಿಲಲ್ಲಿ ಸುಮ್ಮನಿರಬೇಕು. ಕೆಲಸವಿಲ್ಲದೆ ಆಡುವ ಕೈ ಎಂಬುದನ್ನು ಯಾರೂ ಕಂಡಿಲ್ಲ. ಅತ್ತೆ ಎಲ್ಲವನ್ನೂ ಕೇಳಿ, ಬಹಳ ಯೋಚಿಸಿ, ತಮ್ಮ ತೀರ್ಪು ಕೊಟ್ಟರು. ನಮ್ಮ ಮನೆಮಾತು ತುಳು. ಕನ್ನಡದಲ್ಲಿ ಹೇಳಿದರೆ ಅದು ಹೀಗಿತ್ತು:

"ಬೆರಳು ಆಡಿಸ್ಲಿಕ್ಕೆ ಆಗ್ತದೆ ಅಂತಾದ್ರೆ ತೆಂಗಿನಕಾಯಿ ಹೆರೀಲಿಕ್ಕೂ ಆಗ್ತದೆ. ಕಾಯಿ ಹೆರೀಲಿಕ್ಕೆ ಆಗುದಿಲ್ಲ ಅಂತಾದ್ರೆ ಆಡಿಸುದೂ ಬೇಡ. ಸುಮ್ನೆ ಇಡು ಮಗಾ."

ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ತಾವೇ ನೀರು ಸೇದಿದರು, ತಾವೇ ಅರೆದರು, ಹೆರೆಮಣೆಯ ಮೇಲೆ ತಾವೇ ಕುಳಿತು ಕಾಯಿ ಹೆರೆದು ತುರಿ ಮಾಡಿದರು. ನನ್ನ ಕೈಗೆ ಹಳೆಯ ಪಂಚೆಯ ಮೆತ್ತನೆಯ ತುಂಡು ಸುತ್ತಿ, ಬಾಣಂತಿಯ ಮಗುವಿನ ಹಾಗೆ ದಿಂಬಿನ ಮೇಲೆ ಮಲಗಿಸಿದರು. ಬಂದವರೆಲ್ಲ ಮೊದಲು ಆ ದಿಂಬನ್ನು ನೋಡಿ ಆಮೇಲೆ ನನ್ನ ಮುಖ ನೋಡುತ್ತಿದ್ದರು. ಒಬ್ಬರೂ ಆ ಕೈಯನ್ನು ಮುಟ್ಟಲಿಲ್ಲ. ಮಗ್ಗುಲಲ್ಲಿ ಕುಳಿತರೂ ಒಂದು ಮೊಳ ದೂರ.

ಒಂದು ದಿನ ಧೈರ್ಯ ಮಾಡಿ ಜಗಲಿಯಲ್ಲಿ ಕುಳಿತು ಎಡಗೈಯಿಂದ ಬಲಗೈಯ ಆ ಎರಡು ಬೆರಳುಗಳನ್ನು ಮೆಲ್ಲ ಮೆಲ್ಲ ಒಳಗೆ ಬಾಗಿಸುತ್ತಿದ್ದೆ. ಉಸಿರು ಬಿಗಿಹಿಡಿದು, ಟಪ್ ಎನ್ನುತ್ತದೋ ಎಂದು ಕಿವಿ ನೆಟ್ಟು. ಅದೇ ಹೊತ್ತಿಗೆ ಆಚೆಮನೆಯ ಹೆಂಗಸು ಹಿತ್ತಿಲ ದಾರಿಯಲ್ಲಿ ಹೋಗುತ್ತಿದ್ದಳು. ನಿಂತಳು. ನೋಡಿದಳು. ಹೋದಳು. ಸಂಜೆಯೊಳಗೆ ಸುದ್ದಿ ಪೇಟೆ ಸುತ್ತಿ ಅತ್ತೆಯ ಕಿವಿಗೆ ಬಂದು ಮುಟ್ಟಿತು. ಹೊಸ ಸೊಸೆ ಹಗಲುಹೊತ್ತಿನಲ್ಲೇ ಜಗಲಿಯಲ್ಲಿ ಕುಳಿತು, ಅಡಿಗೆಮನೆಯ ಕಡೆ ಮುಖ ಮಾಡಿ, ನೆಟಿಗೆ ಮುರಿಯುತ್ತಿದ್ದಾಳೆ!

ನೆಟಿಗೆ ಮುರಿದು ಶಾಪ ಹಾಕುವುದು ನಮ್ಮ ಕಡೆ ಹೆಂಗಸರ ಕೊನೆಯ ಅಸ್ತ್ರ. ಅದನ್ನು ಮದುವೆಯಾದ ವರ್ಷವೇ ಅತ್ತೆಯ ಮೇಲೆ ಪ್ರಯೋಗಿಸುವ ಸೊಸೆ ಎಂದರೆ ಸಾಮಾನ್ಯಳೇ? ಆ ರಾತ್ರಿ ಊಟ ಬಡಿಸುವಾಗ ಅತ್ತೆಯ ಕಣ್ಣಲ್ಲಿ ನೀರಿತ್ತು.

"ನನ್ನಿಂದ ಎಂತ ತಪ್ಪಾಗಿದೆ ಅಂತ ಹೇಳ್ಬಹುದಿತ್ತು" ಎಂದು ಮಗನೊಡನೆ ಹೇಳಿದರು, ನನಗೆ ಕೇಳುವಂತೆ.

"ಅದು ಡಾಕ್ಟ್ರು ಹೇಳಿದ್ದು ಅಮ್ಮ" ಎಂದರು ಇವರು.

"ಅತ್ತೆಗೆ ನೆಟಿಗೆ ಮುರೀಲಿಕ್ಕೆ ಡಾಕ್ಟ್ರು ಹೇಳ್ತಾರಾ?"

ಆ ಪ್ರಶ್ನೆಗೆ ಉತ್ತರ ಹುಡುಕುವ ಗಂಡಸು ಬಂಟ್ವಾಳದಲ್ಲಿ ಹುಟ್ಟಿರಲಿಲ್ಲ. ಇವರು ಸಾರಿಗೆ ಉಪ್ಪು ಕಡಿಮೆ ಎಂದು ಹೇಳಿ ಮಾತು ಬದಲಿಸಿದರು, ಅದರಿಂದ ಅತ್ತೆಗೆ ಇನ್ನಷ್ಟು ಅಳು ಬಂತು. ಮರುದಿನದಿಂದ ನಾನು ಕೈಯನ್ನು ದಿಂಬಿನ ಮೇಲಿಂದ ಎತ್ತಲಿಲ್ಲ. ನೆಟಿಗೆಯ ರಗಳೆ ನನಗೂ ಒಳ್ಳೆಯ ನೆಪವಾಯಿತು ಎನ್ನಬೇಕು, ಏಕೆಂದರೆ ನನಗೆ ಭಯವಾಗುತ್ತಿತ್ತು. ಹೇಳಿಕೊಳ್ಳಲಾಗದಷ್ಟು ಭಯ. ಬೆರಳು ಸೆಟೆದುಕೊಂಡು ಹೋಗುವುದು ನಾಳೆಯ ಮಾತು, ಹುರಿ ಕಡಿಯುವುದು ಈ ಕ್ಷಣದ ಮಾತು.

ಹಾಗೆಯೇ ಮಳೆ ಹಿಡಿಯಿತು. ಮತ್ತೆ ತೋರಿಸಲು ಹೋದಾಗ ಡಾಕ್ಟರು ಪಂಚೆಯ ತುಂಡು ಬಿಚ್ಚಿ ನೋಡಿ ಕೆಂಡವಾದರು.

"ಏನಮ್ಮಾ, ಇದು ಕೈಯೋ, ಅನ್ನ ಬಡಿಸುವ ಸಟ್ಟುಗವೋ? ಒಳಗೆ ಹುರಿ ಕೂಡಿದೆ. ಆದರೆ ನೀವು ಆಡಿಸದೆ ಅದು ಸುತ್ತಲಿನ ಮಾಂಸಕ್ಕೇ ಅಂಟಿಕೊಂಡು ಕೂತಿದೆ."

"ಕಡಿದುಹೋದರೆ..." ಎಂದೆ.

"ಆಡಿಸಿದ್ದಕ್ಕೆ ಕಡಿಯುವ ಕಾಲ ಕಳೆಯಿತು. ಮಳೆ ಇಳಿದ ಮೇಲೆ ಬನ್ನಿ. ಆಗಲೂ ಹೀಗೇ ಇದ್ದರೆ ಮತ್ತೆ ಕೊಯ್ಯಬೇಕಾಗುತ್ತದೆ. ಆಮೇಲೆ ಮುಷ್ಟಿ ಕಟ್ಟಲು ಆಗುತ್ತದೆ ಅಂತ ನಾನು ಬರೆದುಕೊಡುವುದಿಲ್ಲ."

ಬಸ್ಸಿನಲ್ಲಿ ಬರುವಾಗ ನಾನು ಎಡಗೈಯಲ್ಲಿ ಸರಳು ಹಿಡಿದು ಕುಳಿತು ಲೆಕ್ಕ ಹಾಕಿದೆ. ಮುಷ್ಟಿ ಕಟ್ಟಲಾಗದ ಬಲಗೈಯಲ್ಲಿ ಬಾವಿಯ ಹಗ್ಗ ಹಿಡಿಯಲಾಗದು, ಅರೆಯುವ ಗುಂಡು ತಿರುಗಿಸಲಾಗದು, ಬಟ್ಟೆ ಹಿಂಡಲಾಗದು. ಅನ್ನ ಕಲಸುವಾಗ ಎರಡು ಬೆರಳು ಆಕಾಶ ನೋಡುತ್ತಿರುತ್ತವೆ. ಇಪ್ಪತ್ತು ದಾಟದ ನಾನು ಜೀವಮಾನವಿಡೀ ಅತ್ತೆ ಸೇದಿದ ನೀರು ಕುಡಿಯಬೇಕು. ಇಷ್ಟೆಲ್ಲ ಗೊತ್ತಿದ್ದೂ ಮನೆಗೆ ಬಂದು ಬೆರಳು ಬಾಗಿಸಲು ಕುಳಿತರೆ ಆ ಟಪ್ ಎಂಬ ಸದ್ದು ಮೊದಲೇ ಬಂದು ಕುಳಿತಿರುತ್ತಿತ್ತು. ಡಾಕ್ಟರ ಮಾತು ಕಿವಿಯವರೆಗೆ, ಪಕ್ಕದ ಹಾಸಿಗೆಯವಳ ಮಾತು ಮೂಳೆಯವರೆಗೆ. ನನ್ನ ಮೇಲೆ ನನಗೇ ರೇಗಿ ಹೋಗುತ್ತಿತ್ತು.

ಅಷ್ಟರಲ್ಲಿ ಆಷಾಢದ ಹೊತ್ತಿಗೆ ಬರುವ ನಮ್ಮ ತುಳು ತಿಂಗಳು ಆಟಿ ಬಂತು. ಮದುವೆಯಾದ ಮೊದಲ ವರ್ಷ ಆಟಿ ತಿಂಗಳಲ್ಲಿ ಹುಡುಗಿ ತವರಿಗೆ ಹೋಗಿ ಕೂರುವುದು ನಮ್ಮ ಪದ್ಧತಿ. ಇವರು ನನ್ನನ್ನು ಮೂಡುಬಿದಿರೆಗೆ ತಂದುಬಿಟ್ಟು, ತಿಂಗಳು ಮುಗಿದು ಸಂಕ್ರಮಣದ ದಿನ ಬರುತ್ತೇನೆ ಎಂದು ಹೋದರು. ಅಮ್ಮ ಕೈ ನೋಡಿ ಅತ್ತಳು. ಅತ್ತು ಮುಗಿಸಿ ಅವಳೂ ಒಂದು ದಿಂಬು ತಂದಳು. ನನಗೆ ಆ ದಿಂಬನ್ನು ಬಾವಿಗೆ ಎಸೆಯುವಷ್ಟು ಕೋಪ ಬಂತು, ಎಸೆಯಲು ಕೈ ಇರಲಿಲ್ಲ.

ಮೂರನೆಯ ದಿನ ಬೆಳ್ತಂಗಡಿಯಿಂದ ದೊಡ್ಡಮ್ಮ ಬಂದಿಳಿದಳು. ಅಮ್ಮನ ಅಕ್ಕ. ಪ್ರತಿ ಆಟಿಯಲ್ಲೂ ಬರುತ್ತಿದ್ದಳು, ತಂಗಿಯ ಮೇಲಿನ ಪ್ರೀತಿಗಿಂತ ಹೆಚ್ಚಾಗಿ ಚೆನ್ನೆಮಣೆಯ ಮೇಲಿನ ಆಸೆಗೆ. ಎರಡು ಸಾಲು ಗುಳಿಗಳ, ಕಾಯಿ ಎಂಬ ಬೀಜಗಳನ್ನಿಟ್ಟು ಆಡುವ ಆ ಮರದ ಮಣೆ ವರ್ಷವಿಡೀ ಅಟ್ಟದಲ್ಲಿ ಇರಬೇಕು. ಆಟಿಯಲ್ಲಿ ಮಾತ್ರ ಕೆಳಗಿಳಿಸಬೇಕು, ತಿಂಗಳು ಮುಗಿದ ದಿನ ಮತ್ತೆ ಅಟ್ಟಕ್ಕೆ. ಬೇರೆ ದಿನಗಳಲ್ಲಿ ಆಡಿದರೆ ಮನೆಗೆ ಕೇಡು ಎಂದು ನಂಬಿಕೆ. ಇನ್ನೊಂದು ನಂಬಿಕೆಯೂ ಉಂಟು, ಒಡಹುಟ್ಟಿದ ಅಕ್ಕತಂಗಿಯರು ಎದುರೆದುರು ಕೂತು ಚೆನ್ನೆ ಆಡಬಾರದು. ಹಾಗಾಗಿ ದೊಡ್ಡಮ್ಮನಿಗೆ ಅಮ್ಮ ಜೊತೆಗಾತಿಯಲ್ಲ. ಅಪ್ಪ ಮಣೆಯನ್ನು ಕಂಡರೆ ಮಾರು ದೂರ. ಉಳಿದವಳು ನಾನೊಬ್ಬಳೇ.

"ಬಾ, ಕೂತ್ಕೊ" ಎಂದಳು ದೊಡ್ಡಮ್ಮ, ಬಂದವಳು ಕಾಲು ತೊಳೆಯುವ ಮೊದಲೇ.

"ಅಕ್ಕಾ, ಅವಳ ಕೈ..." ಎಂದಳು ಅಮ್ಮ.

"ಗೊತ್ತುಂಟು. ಎಲ್ಲ ಕೇಳಿದ್ದೇನೆ. ಭಾರ ಎತ್ತಬಾರ್ದು ಅಲ್ವಾ? ಚೆನ್ನೆಕಾಯಿಗೆ ಎಂತ ಭಾರ ಉಂಟು? ಉಫ್ ಅಂದ್ರೆ ಹಾರ್ತದೆ."

ನಾನು ಎಡಗೈ ಮುಂದೆ ಮಾಡಿದೆ. ದೊಡ್ಡಮ್ಮ ಮಣೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಎಡಗೈಯಲ್ಲಿ ಆಡ್ಲಿಕ್ಕೆ ಇಲ್ಲ. ಶಾಸ್ತ್ರ ಶಾಸ್ತ್ರವೇ."

ಚೆನ್ನೆಯ ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು: ಒಂದು ಗುಳಿಯ ಕಾಯಿಗಳನ್ನೆಲ್ಲ ಒಮ್ಮೆಗೇ ಬಾಚಿ ಅಂಗೈಯಲ್ಲಿ ಇಟ್ಟುಕೊಂಡು, ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಡುತ್ತಾ ಹೋಗಬೇಕು. ಕೈ ಖಾಲಿಯಾದರೆ ಮುಂದಿನ ಗುಳಿಯದನ್ನು ಬಾಚಬೇಕು. ಬಾಚುವುದು, ಬಿಡುವುದು, ಬಾಚುವುದು, ಬಿಡುವುದು. ನಾನು ಮೂರು ಬೆರಳಿನಲ್ಲಿ ಬಾಚಿದೆ. ಆಚೆ ಕಡೆ ಆ ಎರಡು ಬೆರಳುಗಳು ತೆರೆದ ಬಾಗಿಲಿನ ಹಾಗೆ ನಿಂತಿದ್ದವಲ್ಲ, ಆ ಸಂದಿನಿಂದ ಎರಡು ಕಾಯಿಗಳು ಜಾರಿ ಚಾಪೆಯ ಮೇಲೆ ಬಿದ್ದವು.

ದೊಡ್ಡಮ್ಮ ಎರಡನ್ನೂ ಹೆಕ್ಕಿ ತನ್ನ ಮಡಿಲಿಗೆ ಹಾಕಿಕೊಂಡಳು.

"ಬಿದ್ದದ್ದು ನನ್ನದು."

"ಹಾಗೆ ಎಲ್ಲಿ ಉಂಟು?" ಎಂದೆ.

"ಬೆಳ್ತಂಗಡಿಯಲ್ಲಿ ಉಂಟು."

ಬೆಳ್ತಂಗಡಿಯಲ್ಲಿ ಅಂಥ ನಿಯಮ ಇರಲಿಲ್ಲವೆಂದು ನಾನು ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಆದರೆ ಆಗ ಏನು ಮಾಡಲಿ? ಮೊದಲ ದಿನ ನಾನು ಆಡಿದ ಪ್ರತಿಯೊಂದು ಆಟವನ್ನೂ ಸೋತೆ. ಎರಡನೆಯ ದಿನವೂ ಸೋತೆ. ನನ್ನ ಕಾಯಿಗಳು ಸೋರುತ್ತಿದ್ದವು, ದೊಡ್ಡಮ್ಮನ ಮಡಿಲು ತುಂಬುತ್ತಿತ್ತು. ಅವಳಿಗೆ ಮರುಕವೂ ಇಲ್ಲ, ನಾಚಿಕೆಯೂ ಇಲ್ಲ. ಬಾಯಲ್ಲಿ ವೀಳ್ಯ ತಿರುಗಿಸುತ್ತಾ, "ಈ ಸಲದ ಆಟಿ ಒಳ್ಳೇದುಂಟು" ಎನ್ನುತ್ತಿದ್ದಳು. ನನ್ನ ಆಪರೇಷನ್ನು ತನಗೆ ಬಂದ ಅದೃಷ್ಟ ಎಂಬ ಹಾಗೆ!

ನನಗೆ ಮೈ ಉರಿಯುತ್ತಿತ್ತು. ಊರೆಲ್ಲ ಅಯ್ಯೋ ಎನ್ನುವ ಕೈಯನ್ನು ಈ ಹೆಂಗಸು ಲೂಟಿ ಮಾಡುತ್ತಿದ್ದಾಳಲ್ಲ! ಮುಂದಿನ ಸಲ ಬಾಚುವಾಗ ಉಂಗುರ ಬೆರಳನ್ನು ಒಂದಿಷ್ಟು ಒಳಕ್ಕೆ ತಂದೆ. ಒಂದು ಕಾಯಿ ಉಳಿಯುವಷ್ಟು. ಕೂಡಲೇ ಆ ಟಪ್ ನೆನಪಾಗಿ ಕೈ ಬಿಟ್ಟೆ, ಎಲ್ಲ ಕಾಯಿಗಳೂ ಚೆಲ್ಲಿದವು. ದೊಡ್ಡಮ್ಮ ಎಲ್ಲವನ್ನೂ ಸಾವಕಾಶವಾಗಿ ಹೆಕ್ಕಿಕೊಂಡಳು. ನಾನು ಹಲ್ಲು ಕಚ್ಚಿ ಮತ್ತೆ ಬಾಚಿದೆ.

ಹೀಗೆ ದಿನ ಹೋಯಿತು. ಬೆಳಿಗ್ಗೆ ಗಂಜಿ ಉಂಡು ಕೂತರೆ ಮಧ್ಯಾಹ್ನದ ಊಟದವರೆಗೆ, ಊಟ ಮುಗಿಸಿ ಕೂತರೆ ದೀಪ ಹಚ್ಚುವವರೆಗೆ. ಯಾರೂ ಏನೂ ಅನ್ನಲಿಲ್ಲ, ಏಕೆಂದರೆ ಆಟಿಯಲ್ಲಿ ಚೆನ್ನೆ ಆಡುವುದು ಕೆಲಸದಷ್ಟೇ ಮರ್ಯಾದೆಯ ಸಂಗತಿ. ನೆಟಿಗೆ ಎನ್ನುವವರಿಲ್ಲ, ಹಾಗಾದರೆ ಕಾಯಿ ಹೆರೆ ಎನ್ನುವವರಿಲ್ಲ. ಅಮ್ಮ ಮಾತ್ರ ಆಗಾಗ ಬಂದು "ಸಾಕು, ಕೈ ದಿಂಬಿನ ಮೇಲೆ ಇಡು" ಎಂದು ಹೇಳಿ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಬಾಚಿದ ಕಾಯಿಯೊಂದು ಜಾರುತ್ತಾ ಬಂದು ಕಿರುಬೆರಳಿನ ಒಳಬದಿಗೆ ತಗುಲಿ ಅಲ್ಲೇ ನಿಂತಿತು. ತಣ್ಣನೆಯ, ನುಣ್ಣನೆಯ ಕಾಯಿ. ಹಲಸು ಕೊಚ್ಚಲು ಕುಳಿತ ದಿನದ ಮೇಲೆ ಆ ಬೆರಳು ಹಿಡಿದುಕೊಂಡ ಮೊದಲ ವಸ್ತು ಅದು. ನಾನು ಆಟ ಮುಂದುವರಿಸುವುದನ್ನು ಮರೆತು ಹಾಗೆಯೇ ಕೂತೆ.

"ನಿದ್ದೆಯಾ?" ಎಂದಳು ದೊಡ್ಡಮ್ಮ.

ಭಯ ಹೋಯಿತೇ ಎಂದರೆ, ಇಲ್ಲ. ಪ್ರತಿ ಸಲ ಬೆರಳು ಒಳಕ್ಕೆ ಬರುವಾಗಲೂ ನಾನು ಆ ಸದ್ದಿಗೆ ಕಾಯುತ್ತಿದ್ದೆ. ಆದರೆ ಭಯಪಡುತ್ತಾ ಕೂತರೆ ದೊಡ್ಡಮ್ಮ ಕಾಯಿ ಹೆಕ್ಕುತ್ತಾಳೆ. ಎರಡು ಕಡೆ ಗಮನ ಕೊಡಲು ನನಗೆ ಪುರುಸೊತ್ತಿರಲಿಲ್ಲ. ಆಟಿಯ ಕೊನೆಕೊನೆಗೆ ಚಾಪೆಯ ಮೇಲೆ ಬೀಳುವ ಕಾಯಿಗಳು ಕಡಿಮೆಯಾದವು, ನಾನು ಒಂದೆರಡು ಆಟ ಗೆದ್ದೆ, ದೊಡ್ಡಮ್ಮನ ಮುಖ ಗಂಟಾಯಿತು.

"ನಿನ್ನ ಕೈಗೆ ಎಂತಾಯ್ತು ಮಾರಾಯ್ತಿ? ಮೊದ್ಲು ಚೆನ್ನಾಗಿತ್ತು" ಎಂದಳು, ನಿಜವಾದ ಬೇಸರದಿಂದ.

ಆದರೂ ಬೆರಳ ತುದಿ ಅಂಗೈಗೆ ಪೂರ್ತಿ ತಗುಲುತ್ತಿರಲಿಲ್ಲ. ಅಥವಾ ನಾನೇ ತಗುಲಲು ಬಿಡುತ್ತಿರಲಿಲ್ಲ. ಕೊನೆಯ ಆ ಒಂದಿಷ್ಟು ದೂರದಲ್ಲೇ ಟಪ್ ಎಂಬುದು ಅಡಗಿ ಕುಳಿತಿದೆ ಎಂದು ನನಗೆ ಖಾತ್ರಿಯಾಗಿತ್ತು. ದಿನಗಳು ಮಾತ್ರ ಮುಗಿದುಹೋದವು. ಸಂಕ್ರಮಣ ಬಂತು. ಅಮ್ಮ ಮಣೆಯನ್ನು ಅಟ್ಟಕ್ಕೆ ಸೇರಿಸಲು ಬಂದು ನಿಂತಳು. ಗಂಡ ಯಾವ ಹೊತ್ತಿಗೂ ಬರಬಹುದು. ಬಂಟ್ವಾಳದಲ್ಲಿ ಚೆನ್ನೆಮಣೆ ಇಲ್ಲ, ದೊಡ್ಡಮ್ಮ ಇಲ್ಲ, ದಿಂಬು ಉಂಟು.

"ಇದೊಂದು ಆಟ ಮುಗೀಲಿ" ಎಂದಳು ದೊಡ್ಡಮ್ಮ. ಆ ಆಟದಲ್ಲಿ ಅವಳು ಸೋಲುತ್ತಿದ್ದಳು. ಕೊನೆಯ ಗುಳಿ ನನ್ನದಾಯಿತು. ಬಾಚಿಕೊಂಡೆ.

"ನಿಲ್ಲು! ಅದ್ರಲ್ಲಿ ಒಂದು ನನ್ನ ಗುಳಿಯದ್ದು. ಕೈ ಬಿಡಿಸು, ನೋಡುವ."

"ನಿಮ್ಮದು ಒಂದೂ ಇಲ್ಲ."

"ಬಿಡಿಸು ಅಂದೆ!"

ತಿಂಗಳಿಡೀ ನನ್ನ ಕಾಯಿಗಳನ್ನು ಕೊಳ್ಳೆ ಹೊಡೆದವಳು ಈಗ ನನ್ನನ್ನು ಕಳ್ಳಿ ಮಾಡುತ್ತಿದ್ದಾಳೆ! ಬಿಡಿಸುವುದಿಲ್ಲ ಎಂದು ಕೈ ಮುಚ್ಚಿದೆ. ದೊಡ್ಡಮ್ಮ ಮಣೆ ದಾಟಿ ಬಂದು, ಎರಡೂ ಕೈಯಲ್ಲಿ ನನ್ನ ಕೈ ಹಿಡಿದು, ಬೆರಳು ಸಂದಿಗೆ ಬೆರಳು ತುರುಕಿ ಎಳೆಯತೊಡಗಿದಳು. ಅದೂ ಎಲ್ಲಿಂದ? ಕಿರುಬೆರಳ ಕಡೆಯಿಂದ.

"ಅಕ್ಕಾ, ಬಿಡು! ಕಡಿದೀತು! ಅಯ್ಯೋ, ಕಡಿದೀತು!" ಎಂದು ಅಮ್ಮ ಕೂಗಿದಳು. ಅದೇ ಹೊತ್ತಿಗೆ ಮೆಟ್ಟಲಲ್ಲಿ ಇವರು, ನೀರಿಳಿಯುವ ಕೊಡೆ ಹಿಡಿದುಕೊಂಡು, ಬಾಯಿ ತೆರೆದು ನಿಂತಿದ್ದರು.

ಅಮ್ಮ ಕೂಗಿದಾಗಲೇ ನನಗೆ ಎಚ್ಚರವಾದದ್ದು. ಡಾಕ್ಟರನ್ನೂ ಪಂಚೆ ಸುತ್ತಿದ ಅತ್ತೆಯನ್ನೂ ಬಿಟ್ಟರೆ ಆ ಕೈಯನ್ನು ಯಾರೂ ಮುಟ್ಟಿರಲಿಲ್ಲ. ಈಗ ಬೆಳ್ತಂಗಡಿಯ ಗಟ್ಟಿಗಿತ್ತಿಯೊಬ್ಬಳು ಎರಡೂ ಕೈ ಹಾಕಿ ಜಗ್ಗುತ್ತಿದ್ದಾಳೆ. ನಾನು ಕಾದೆ. ಟಪ್ ಎನ್ನಲಿಲ್ಲ. ದೊಡ್ಡಮ್ಮ ಮತ್ತೊಮ್ಮೆ ಜಗ್ಗಿದಳು. ಎನ್ನಲಿಲ್ಲ. ಕೊನೆಗೆ ಅವಳೇ ಸೋತು, ಏದುಸಿರು ಬಿಡುತ್ತಾ ಹಿಂದೆ ಕುಳಿತಳು.

"ಇದೆಂತ ಕೈಯಾ, ಮೊಸಳೆ ಬಾಯಿಯಾ?"

ನೋಡಿದೆ. ಐದೂ ಬೆರಳುಗಳು ಒಳಗಿದ್ದವು. ಆ ಎರಡರ ತುದಿ ಅಂಗೈಯೊಳಗೆ ಊರಿ ಕುಳಿತಿತ್ತು. ನಾನೇ ಮೆಲ್ಲಗೆ ಬಿಡಿಸಿದೆ. ಕಾಯಿಗಳ ಗುರುತು ಅಂಗೈಯ ಗಾಯದ ಗೆರೆಯ ಎರಡೂ ಕಡೆ ಮೂಡಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಎಲ್ಲರೆದುರು, ಗಂಡನೆದುರು, ಸಣ್ಣ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ.

ದೊಡ್ಡಮ್ಮ ಗಾಬರಿಯಾದಳು. ಕಾಯಿಗಾಗಿ ಅಳುತ್ತಿದ್ದೇನೆಂದು ತಿಳಿದಳು.

"ಅಳ್ಬೇಡ, ಅಳ್ಬೇಡ. ಆಯ್ತು, ಈ ಆಟ ನಿನ್ನದೇ ಅಂತ ಇಟ್ಟುಕೊ" ಎಂದಳು. ಅವಳು ಬದುಕಿನಲ್ಲಿ ಬಿಟ್ಟುಕೊಟ್ಟ ಒಂದೇ ಆಟ ಅದು. ಅದನ್ನು ಸಾಯುವವರೆಗೂ ಎತ್ತಿ ಎತ್ತಿ ಆಡಿದಳು.

ಬಂಟ್ವಾಳಕ್ಕೆ ಬಂದ ಸಂಜೆ ಅತ್ತೆಯ ಮುಂದೆ ಕೈ ಹಿಡಿದು ಮುಷ್ಟಿ ಕಟ್ಟಿ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಮರುದಿನ ಬೆಳಿಗ್ಗೆ ನಾನು ನಿರೀಕ್ಷಿಸಿದಂತೆಯೇ ಹೆರೆಮಣೆ ನನ್ನ ಮುಂದೆ ಬಂತು, ಪಕ್ಕದಲ್ಲಿ ಒಡೆದ ತೆಂಗಿನಕಾಯಿಯ ಎರಡು ಕಡಿಗಳು. ಆಡಿಸಲು ಆಗುವ ಕೈ ಹೆರೆಯಲೇಬೇಕಲ್ಲ! ಒಳಗೊಳಗೇ ಗೊಣಗಿಕೊಂಡು ಒಂದು ಕಡಿ ಎತ್ತಿಕೊಂಡೆ. ಹೆರೆಯುತ್ತಾ ಒಮ್ಮೆ ತಲೆಯೆತ್ತಿದರೆ, ಅತ್ತೆ ಒಲೆಯ ಹತ್ತಿರ ಉಸಿರು ಬಿಗಿಹಿಡಿದು, ಕಿವಿ ಕೊಟ್ಟು ನಿಂತಿದ್ದರು. ಆ ಸದ್ದಿನ ಕತೆ ಅವರಿಗೂ ಗೊತ್ತಿತ್ತೆಂದು ನನಗೆ ಆಗಲೇ ಹೊಳೆದದ್ದು. ಪಕ್ಕದ ಹಾಸಿಗೆಯ ಹೆಂಗಸು, ಆಸ್ಪತ್ರೆಗೆ ನನ್ನನ್ನು ನೋಡಲು ಬಂದ ಅತ್ತೆಗೆ ಹೇಳದೆ, ನನ್ನೊಬ್ಬಳಿಗೇ ಹೇಳಿ ಸುಮ್ಮನಿರುವವಳಲ್ಲ.

ಅರ್ಧ ಮುಗಿಯುವಷ್ಟರಲ್ಲಿ ಅವರು ಬಂದು ನನ್ನ ಕೈಯಿಂದ ಕಡಿಯನ್ನು ಕಿತ್ತುಕೊಂಡರು.

"ಸಾಕು, ಉಳಿದದ್ದು ನಾನು ಹೆರೀತೇನೆ. ನೀನು ಜಗಲಿಯಲ್ಲಿ ಕೂತು ನೆಟಿಗೆ ಮುರಿ" ಎಂದರು. "ಅಡಿಗೆಮನೆಯ ಕಡೆಗೇ ಮುಖ ಮಾಡಿ ಮುರಿ. ನನಗೆ ಕಾಣ್ತಾ ಇರ್ಲಿ."